ಮೇಲೆ ಬಂದ ಮೀನುಗಳು

"ಶ್..." ಎಂದರು ದೊಡ್ಡಪ್ಪ.

ಪಿಟೀಲು ಬಾಯಿ ಮುಚ್ಚಿದಳು. ಮುಚ್ಚಿದ್ದು ಎಷ್ಟು ಹೊತ್ತು ಅಂತೀರಿ? ದೋಣಿ ಇನ್ನೊಂದು ಮಾರು ಮುಂದೆ ಹೋಗುವಷ್ಟರಲ್ಲಿ ಆ ಬಾಯಿ ಮತ್ತೆ ತೆರೆದುಕೊಂಡಿತು.

"ದೊಡ್ಡಪ್ಪ, ಮೀನು ನಿದ್ದೆ ಮಾಡುತ್ತಾ? ಅದು ಕಣ್ಣೇ ಮುಚ್ಚಲ್ವಲ್ಲ, ಮತ್ತೆ ನಿದ್ದೆ ಬಂದಿದೆ ಅಂತ ಗೊತ್ತಾಗೋದು ಹೇಗೆ?"

ದೊಡ್ಡಪ್ಪ ತಿರುಗಿಯೂ ನೋಡಲಿಲ್ಲ. ಅವರ ಕೈಯಲ್ಲಿ ಬಲೆಯ ಹಗ್ಗವಿತ್ತು, ಕಣ್ಣು ನೀರಿನ ಮೇಲಿತ್ತು. ತನ್ನ ಮಾತು ಕೇಳಿಸಲಿಲ್ಲವೇನೋ ಎಂದುಕೊಂಡು ಪಿಟೀಲು ಅವರ ಹತ್ತಿರಕ್ಕೆ ಬರಲು ಎದ್ದಳು. ಕಾಲು ಕಬ್ಬಿಣದ ಬಕೆಟ್ಟಿಗೆ ತಾಗಿತು. ಢಣ್!

ಅಷ್ಟೇ. ಬಲೆಯ ಹತ್ತಿರ ಮಿಸುಕಾಡುತ್ತಿದ್ದ ನೀರು ತಟಕ್ಕನೆ ಸುಮ್ಮನಾಯಿತು. ದೊಡ್ಡಪ್ಪ ಬಲೆ ಎಳೆದು ನೋಡಿದರೆ ಒಂದಿಷ್ಟು ಪಾಚಿ, ಬೆರಳುದ್ದದ ಒಂದು ಮರಿ. ಮರಿಯನ್ನು ಬಿಡಿಸಿ ನೀರಿಗೆ ಬಿಟ್ಟರು.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಬೈಗುಳವೂ ಮಾತೇ ತಾನೆ? ಮರುದಿನ ಬೆಳಗಿನ ಜಾವ ಅವಳನ್ನು ಎಬ್ಬಿಸದೆ ಒಬ್ಬರೇ ಕೆರೆಗೆ ಹೊರಟುಹೋದರು. ಆಮೇಲೆ ಯಾವತ್ತೂ ಎಬ್ಬಿಸಲಿಲ್ಲ.

ಪಿಟೀಲು ಅನ್ನುವುದು ಅವಳ ನಿಜವಾದ ಹೆಸರೇನಲ್ಲ. ಒಮ್ಮೆ ಮಾತಿಗೆ ಶುರುವಿಟ್ಟರೆ ನಿಲ್ಲಿಸುವ ಪೈಕಿಯಲ್ಲ ಅವಳು. "ಕುಯ್ಯೋಕೆ ಶುರುಮಾಡಿದ್ಳು ನೋಡು ಪಿಟೀಲು" ಎಂದು ಅಪ್ಪ ಯಾವತ್ತೋ ಅಂದದ್ದೇ ತಡ, ಮನೆಯಲ್ಲೂ ಸ್ಕೂಲಿನಲ್ಲೂ ಅದೇ ಗಟ್ಟಿಯಾಯಿತು. ಅವಳಿಗೇನೂ ಬೇಸರವಿರಲಿಲ್ಲ. ಕೇಳುವವರು ಇರುವ ತನಕ ಪಿಟೀಲಿಗೇನು ಬೇಸರ?

ಈಗ ಕೇಳುವವರೇ ಇರಲಿಲ್ಲ. ನರ್ಸ್ ಆಗಿದ್ದ ಅಮ್ಮನಿಗೆ ಬೇರೆ ಊರಿಗೆ ಟ್ರಾನ್ಸ್‌ಫರ್ ಆಗಿತ್ತು. ಅಪ್ಪ ದೂರದ ಊರುಗಳಿಗೆ ಹೋಗುವ ಬಸ್ಸಿನ ಡ್ರೈವರ್. ಮನೆ ಬದಲಾಯಿಸಬೇಕು, ಸಾಮಾನು ಸಾಗಿಸಬೇಕು, ರಜೆ ಮುಗಿದ ಮೇಲೆ ಹೊಸ ಸ್ಕೂಲು. ಎಲ್ಲ ಒಂದು ನೆಲೆಗೆ ಬರುವ ತನಕ ದೊಡ್ಡಪ್ಪನ ಮನೆಯಲ್ಲಿರು ಎಂದು ಅಮ್ಮ ಅವಳನ್ನು ಇಲ್ಲಿ ಬಿಟ್ಟುಹೋಗಿದ್ದಳು. ಬೇಡದ ಸಾಮಾನನ್ನು ಅಟ್ಟಕ್ಕೆ ಹಾಕುವ ಹಾಗೆ ತನ್ನನ್ನೂ ಇಲ್ಲಿ ಹಾಕಿದ್ದಾರೆ ಅನ್ನಿಸಿತ್ತು ಪಿಟೀಲಿಗೆ.

ಕೆರೆ ದಡದ ಓಣಿಯಲ್ಲಿ ಎರಡು ಕೋಣೆಯ ಮನೆ. ಗೋಡೆಯ ಮೊಳೆಗಳಲ್ಲೆಲ್ಲ ಬಲೆಗಳು, ಮೂಲೆಯಲ್ಲಿ ಹುಟ್ಟುಗಳು. ದೊಡ್ಡಮ್ಮ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದರು. ಬೆಳಕು ಹರಿಯುವ ಮೊದಲೇ ಹೋಗಿ, ಸಂಜೆ ತಲೆಕೂದಲಲ್ಲಿ ಹಿಟ್ಟು ಮೆತ್ತಿಕೊಂಡು, ಕೈಯಲ್ಲೊಂದು ಬ್ರೆಡ್ ಅಂಚಿನ ಪೊಟ್ಟಣ ಹಿಡಿದು ಬರುತ್ತಿದ್ದರು. ಪಾಪ, ಪ್ರೀತಿಯಿಲ್ಲ ಅನ್ನುವ ಹಾಗಿರಲಿಲ್ಲ. "ಹೇಳು ಚಿನ್ನ, ಇವತ್ತೇನಾಯ್ತು?" ಎಂದು ಅವರೇ ಕೇಳುತ್ತಿದ್ದರು. ಪಿಟೀಲು ಹೇಳಲು ಬಾಯಿ ತೆರೆದರೆ ಅರ್ಧ ಕತೆಗೇ ಗೊರಕೆ.

ದೊಡ್ಡಪ್ಪನದ್ದು "ಹೂಂ" ಮತ್ತು "ಊಹೂಂ". ಕೆರೆಯ ಮೇಲೆ ಬಾಯಿ ಮುಚ್ಚಿಕೊಂಡೇ ಬಾಳೆಲ್ಲ ಕಳೆದವರಿಗೆ ದಡದ ಮೇಲೆ ಬಂದಾಗಲೂ ಬಾಯಿ ಬರುತ್ತಿರಲಿಲ್ಲ.

ಓಣಿಯಲ್ಲಿ ಅವಳ ಓರಗೆಯವರು ಯಾರೂ ಇರಲಿಲ್ಲ. ಒಂದು ಮನೆಯಲ್ಲಿ ಇನ್ನೂ ಅಂಬೆಗಾಲಿಡದ ಪಾಪು, ಇನ್ನೊಂದರಲ್ಲಿ ಮೀಸೆ ಚಿಗುರಿದ ಅಣ್ಣಂದಿರು. ಅವರಿಗೆ ಮೊಬೈಲೇ ಪ್ರಪಂಚ. ಹಳೆಯ ಸ್ಕೂಲಿನ ಗೆಳತಿ ಪೆನ್ಸಿಲ್‌ಗೆ ಫೋನ್ ಮಾಡಿದರೆ ಅವಳು ಯಾವಾಗಲೂ ಸ್ವಿಮ್ಮಿಂಗ್ ಕ್ಲಾಸಿನಲ್ಲಿರುತ್ತಿದ್ದಳು.

ಹಾಗಿರುವಾಗ ಒಂದು ಬೆಳಿಗ್ಗೆ ಪಿಟೀಲಿಗೆ ಬೇಲಿ ಸಿಕ್ಕಿತು.

ಅದು ಗಿಡದ ಬೇಲಿಯಲ್ಲ, ನೀರಿನ ಬೇಲಿ. ಕೆರೆಯ ಒಂದು ಮೂಲೆ ಒಳಕ್ಕೆ ಬಾಗಿಕೊಂಡ ಕಡೆ ಸಾಲಾಗಿ ಬಿದಿರು ಗಳ ನೆಟ್ಟು, ಗಳದಿಂದ ಗಳಕ್ಕೆ ತಳದವರೆಗೂ ಬಲೆ ಕಟ್ಟಿದ್ದರು. ಒಳಗೆ ದೊಡ್ಡಪ್ಪ ಚಳಿಗಾಲದಲ್ಲಿ ತಂದು ಬಿಟ್ಟ ಮೀನುಮರಿಗಳು ಈಗ ಮೊಳಕೈಯುದ್ದ ಬೆಳೆದಿದ್ದವು. ಬೇಸಿಗೆಯಲ್ಲಿ ಕೆರೆಯ ಮೇಲಿನ ನೀರು ಕಾದುಬಿಡುತ್ತದೆ, ಮೀನೆಲ್ಲ ತಳ ಹಿಡಿದು ಕೂರುತ್ತವೆ, ಎಷ್ಟು ಬಲೆ ಬೀಸಿದರೂ ಕೈಗೆ ಏನೂ ಹತ್ತುವುದಿಲ್ಲ. ಆಗೆಲ್ಲ ಮನೆಯವರ ಕಣ್ಣು ಈ ಬೇಲಿಯ ಮೇಲೇ. ಇವು ಬೆಳೆದರೆ ಮಳೆಗಾಲಕ್ಕೆ ಹೊಸ ದೋಣಿ ಎಂದು ದೊಡ್ಡಮ್ಮ ಹೇಳಿದ್ದರು. ಹಳೆಯ ದೋಣಿಯೋ, ಮೀನಿಗಿಂತ ಹೆಚ್ಚು ನೀರನ್ನೇ ಹೊತ್ತು ತರುತ್ತಿತ್ತು.

ದಡದಿಂದ ಬೇಲಿಯೊಳಕ್ಕೆ ಒಂದು ಹಲಗೆ ಚಾಚಿಕೊಂಡಿತ್ತು. ಪಿಟೀಲು ಅದರ ತುದಿಯಲ್ಲಿ ಕುಳಿತು ಬ್ರೆಡ್ಡಿನ ಅಂಚು ತಿನ್ನುತ್ತಿದ್ದಾಗ ಒಂದು ಚೂರು ನೀರಿಗೆ ಬಿತ್ತು. ಗುಳುಂ ಎಂದು ಯಾರೋ ಅದನ್ನು ಎಳೆದುಕೊಂಡರು. ಇನ್ನೊಂದು ಚೂರು ಹಾಕಿದಳು. ಗುಳುಂ!

"ಯಾರಪ್ಪಾ ಅದು?" ಎಂದು ಬಗ್ಗಿ ನೋಡಿದಳು.

ಬಾಲ ಹರಿದ ಒಂದು ಮೀನು. ಅದರ ಹಿಂದೆ ಇನ್ನೂ ನಾಲ್ಕಾರು. ಅಂದಿನಿಂದ ದಿನಾ ಬೆಳಿಗ್ಗೆ ದೊಡ್ಡಮ್ಮ ಬೇಕರಿಗೆ ಹೋದ ಮೇಲೆ ಪಿಟೀಲು ಹಲಗೆಯ ಮೇಲೆ ಹಾಜರ್. ಒಂದು ಚೂರು ಬ್ರೆಡ್ಡು, ಒಂದು ಮಾತು. ಪೆನ್ಸಿಲ್ ಫೋನ್ ಮಾಡದೆ ಇದ್ದದ್ದು, ಹೊಸ ಸ್ಕೂಲಿನಲ್ಲಿ ಪಕ್ಕದಲ್ಲಿ ಯಾರು ಕೂರುತ್ತಾರೋ ಅನ್ನುವ ಭಯ, ದೊಡ್ಡಪ್ಪನ "ಹೂಂ"ನಲ್ಲಿ ಎಷ್ಟು ನಮೂನೆ ಇದೆ ಎಂಬ ಲೆಕ್ಕ, ಎಲ್ಲ ಹೇಳಿದಳು. ಹರುಕುಬಾಲ ಎಂದು ಅವಳೇ ಹೆಸರಿಟ್ಟ ಆ ಮೀನು ಬ್ರೆಡ್ಡು ಮುಗಿಯುವ ತನಕ ಕದಲುತ್ತಿರಲಿಲ್ಲ. ಬ್ರೆಡ್ಡು ಮುಗಿದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ ಎಂದು ಪಿಟೀಲಿಗೆ ಖಾತ್ರಿಯಾಗಿತ್ತು.

ಆಮೇಲೆ ಬಿಸಿಲು ಒಂದು ಥರಾ ಆಯಿತು. ಮೋಡ ಬಂತು, ಮಳೆ ಬರಲಿಲ್ಲ. ದೊಡ್ಡಮ್ಮನ ಮೊಬೈಲು ದಿನಾ ಮಳೆಯ ಚಿತ್ರ ತೋರಿಸುವುದು, ಆಕಾಶ ದಿನಾ ಅದನ್ನು ಸುಳ್ಳು ಮಾಡುವುದು. ಗಾಳಿಯಂತೂ ಪೂರ್ತಿ ನಿಂತುಹೋಗಿತ್ತು. ಹಗ್ಗದ ಮೇಲೆ ಹಾಕಿದ ಬಟ್ಟೆ ಒಂದಿಷ್ಟೂ ಅಲುಗಾಡುತ್ತಿರಲಿಲ್ಲ, ಒಣಗುತ್ತಲೂ ಇರಲಿಲ್ಲ. ಕೆರೆ ಹಸಿರಾಗಿ, ದಪ್ಪಗಾಗಿ, ಗಾಜಿನ ಹಾಗೆ ಬಿದ್ದುಕೊಂಡಿತ್ತು. ದೊಡ್ಡಪ್ಪ ಖಾಲಿ ಬಲೆ ಹೊತ್ತು ಬಂದು ಆಕಾಶ ನೋಡುವರು, ನೀರು ನೋಡುವರು, ಮತ್ತೆ ಆಕಾಶ ನೋಡುವರು.

"ಬೇಲಿಗೆ ಮೇವು ಹಾಕಲ್ಲ," ಎಂದು ಒಂದು ಸಂಜೆ ದೊಡ್ಡಮ್ಮನಿಗೆ ಹೇಳಿದರು. "ಗಾಳಿ ಬೀಸ್ಲಿ, ಆಮೇಲೆ ನೋಡೋಣ."

ಯಾಕೆ ಎಂದು ಪಿಟೀಲು ಕೇಳಿದಳು. ದೊಡ್ಡಪ್ಪ ಆಗಲೇ ಹೊರಗೆ ಹೋಗಿ ಆಕಾಶ ನೋಡುತ್ತಿದ್ದರು.

ಅಯ್ಯೋ ಪಾಪ, ಎಂದುಕೊಂಡಳು ಪಿಟೀಲು. ಹರುಕುಬಾಲ ಹಸಿದುಕೊಂಡಿರುವುದಾ? ದೊಡ್ಡವರಿಗೇನು, ಹೇಳಿಬಿಡುತ್ತಾರೆ. ಮರುದಿನ ಬೆಳಿಗ್ಗೆ ಪೊಟ್ಟಣದ ಬ್ರೆಡ್ಡನ್ನೆಲ್ಲ ತೆಗೆದುಕೊಂಡು ಹಲಗೆಗೆ ಓಡಿದಳು.

ಓಡಿದವಳು ನಿಂತುಬಿಟ್ಟಳು. ಅವಳು ಕೂರುವ ಮೊದಲೇ ಮೀನುಗಳು ಬಂದಿದ್ದವು! ನಾಲ್ಕಾರಲ್ಲ, ಒಂದು ಹಿಂಡೇ. ನೀರಿನ ಮೇಲಕ್ಕೇ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು.

"ನಂಗೋಸ್ಕರ ಕಾಯ್ತಿದ್ರಾ?" ಎಂದಳು ಪಿಟೀಲು. ಈ ಊರಿಗೆ ಬಂದ ಮೇಲೆ ಅವಳಿಗಾಗಿ ಯಾರಾದರೂ ಕಾದದ್ದು ಇದೇ ಮೊದಲು.

ಹೊತ್ತೇರಿದ ಮೇಲೆ ಒಂದೊಂದಾಗಿ ಕೆಳಗಿಳಿದವು. ದೋಣಿಗಳು ದಡಕ್ಕೆ ಬರುವ ಹೊತ್ತಿಗೆ ನೀರಿನ ಮೇಲೆ ಏನೂ ಇರಲಿಲ್ಲ. ದೊಡ್ಡಪ್ಪನಿಗೆ ಹೇಳೋಣವೇ ಅನ್ನಿಸಿತು. ಬೇಡ ಎಂದುಕೊಂಡಳು. ದೋಣಿ ತಪ್ಪಿದ ಹಾಗೆ ಹಲಗೆಯೂ ತಪ್ಪಿಹೋದರೆ?

ಸಂಜೆ ಅಮ್ಮನ ಫೋನು ಬಂತು. ಹಿಂದೆ ಯಾರೋ ಪೆಟ್ಟಿಗೆ ಎಳೆಯುವ ಸದ್ದು. ಊಟ ಆಯಿತಾ, ಸ್ನಾನ ಆಯಿತಾ, ದೊಡ್ಡಮ್ಮನಿಗೆ ತೊಂದರೆ ಕೊಡುತ್ತಿಲ್ಲ ತಾನೆ, ಎಂದು ಅಮ್ಮ ಒಂದೇ ಉಸಿರಿಗೆ ಕೇಳಿದಳು.

"ಬೇಜಾರಾಗ್ತಿದ್ಯಾ ಪುಟ್ಟಾ?"

"ಇಲ್ಲಮ್ಮ. ಇಲ್ಲಿ ತುಂಬಾ ಫ್ರೆಂಡ್ಸ್ ಇದಾರೆ."

"ಅಬ್ಬಾ, ಒಳ್ಳೇದಾಯ್ತು," ಎಂದಳು ಅಮ್ಮ. ಅವಳ ದನಿಯಲ್ಲಿ ಎಷ್ಟು ನಿರಾಳವಿತ್ತೆಂದರೆ ಪಿಟೀಲಿಗೆ ಫೋನ್ ಇಟ್ಟ ಮೇಲೆ ಅಳು ಬಂತು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಮರುದಿನ ಮೋಡ ಇನ್ನೂ ಕೆಳಕ್ಕೆ ಇಳಿದಿತ್ತು. ಸೆಕೆಗೆ ಮೈಯೆಲ್ಲ ಅಂಟು ಅಂಟು. ಪಿಟೀಲು ಹಲಗೆಯ ಹತ್ತಿರ ಬಂದಾಗ ಬೇಲಿಯ ತುಂಬ ಬಾಯಿಗಳು. ಎಲ್ಲ ಮೀನೂ ಬಂದಿದ್ದವು. ದಡದ ಅಂಚಿಗೆ, ಹಲಗೆಯ ಕೆಳಗೆ, ಗಳಗಳ ಸುತ್ತ ಒತ್ತಿಕೊಂಡು, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ.

"ಬಂದೆ, ಬಂದೆ, ಸ್ವಲ್ಪ ತಡೀರಿ," ಎಂದು ನಗುತ್ತ ಕುಳಿತು ಬ್ರೆಡ್ಡು ಮುರಿದು ಹಾಕಿದಳು. ಅಮ್ಮನಿಗೆ ಸುಳ್ಳು ಹೇಳಿದ್ದನ್ನು ಹೇಳತೊಡಗಿದಳು. ಸುಳ್ಳೇನಲ್ಲ, ನೀವೆಲ್ಲ ಇದ್ದೀರಲ್ಲ ಎಂದಳು. ಇನ್ನೊಂದು ಹಿಡಿ ಹಾಕಿದಳು.

ಬ್ರೆಡ್ಡು ತೇಲುತ್ತಿತ್ತು.

ಪಿಟೀಲು ಮಾತು ನಿಲ್ಲಿಸಿದಳು. ಮೊದಲು ಹಾಕಿದ ಚೂರುಗಳೂ ಅಲ್ಲೇ ಇದ್ದವು. ನೆನೆದು ಊದಿಕೊಂಡು, ತೆರೆದ ಬಾಯಿಗಳ ನಡುವೆಯೇ ತೇಲುತ್ತಿದ್ದವು. ಒಂದು ಮೀನೂ ಮುಟ್ಟಿರಲಿಲ್ಲ.

ಹರುಕುಬಾಲ ಹಲಗೆಯ ಪಕ್ಕದಲ್ಲೇ ಇತ್ತು. ಅವಳು ಕೈ ಚಾಚಿ ಅದರ ತಲೆ ಮುಟ್ಟಿದಳು. ಅದು ಓಡಬೇಕಿತ್ತು. ಯಾವ ಮೀನಾದರೂ ಕೈ ತಾಗಿದರೆ ಚಂಗನೆ ಹಾರಿಹೋಗುತ್ತದೆ. ಇದು ಓಡಲಿಲ್ಲ, ಸ್ವಲ್ಪ ವಾಲಿಕೊಂಡಿತು. ಬಾಯಿ ಮಾತ್ರ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಅದರ ಕಣ್ಣು ಅವಳ ಕಡೆ ಇರಲೇ ಇಲ್ಲ. ಯಾವುದರ ಕಣ್ಣೂ ಇರಲಿಲ್ಲ. ಅವು ಅವಳಿಗಾಗಿ ಬಂದದ್ದಲ್ಲ. ನಿನ್ನೆಯೂ ಅವಳಿಗಾಗಿ ಬಂದಿರಲಿಲ್ಲ. ಅವುಗಳಿಗೆ ಏನೋ ಆಗಿತ್ತು, ತುಂಬಾ ಕೆಟ್ಟದ್ದು.

"ದೊಡ್ಡಪ್ಪಾ!" ಎಂದು ಕಿರುಚಿದಳು. ದೊಡ್ಡಪ್ಪನ ದೋಣಿ ಕೆರೆಯ ಆಚೆ ತುದಿಯಲ್ಲಿ ಒಂದು ಚುಕ್ಕೆಯಾಗಿತ್ತು. ಮತ್ತೆ ಕಿರುಚಿದಳು. ಚುಕ್ಕೆ ಅಲ್ಲಾಡಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಣಿಗೆ ಓಡಿದಳು.

ಓಣಿಯ ಮೊದಲ ಮನೆ ಮೋಟಾರ್ ಮಾವನದು. ಕೆರೆಯಲ್ಲಿ ಮೋಟಾರು ಕಟ್ಟಿದ ದೋಣಿ ಇದ್ದದ್ದು ಅವರೊಬ್ಬರಿಗೇ, ಅದಕ್ಕೇ ಆ ಹೆಸರು. ಅವರು ಮಂಚದ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದರು. ಪಿಟೀಲು ಅವರ ಮುಂದೆ ಹೋಗಿ ನಿಂತಳು. ಹೇಳಬೇಕು. ಮಾತೇ ಹೊರಡಲಿಲ್ಲ. ಊರೆಲ್ಲ ಕೇಳುವಷ್ಟು ಮಾತಾಡುವ ಹುಡುಗಿಗೆ ಆಗ ನಾಲಿಗೆ ಹೊರಳಲಿಲ್ಲ ನೋಡಿ.

"ಮೀನು," ಎಂದಳು. "ಬಾಯಿ..."

ತಾನೇ ಬಾಯಿ ತೆರೆದು ಮುಚ್ಚಿ ತೋರಿಸಿದಳು.

ಮೋಟಾರ್ ಮಾವ ಬ್ರಷ್ಷು ಎಸೆದು ಎದ್ದರು.

ಆಮೇಲೆ ನಡೆದದ್ದೆಲ್ಲ ಗಡಿಬಿಡಿಯಲ್ಲೇ ನಡೆಯಿತು. ಮೋಟಾರು ದೋಣಿ ಬೇಲಿಯ ಸುತ್ತ ಗಿರಗಿರನೆ ತಿರುಗಿ ನೀರು ಕಲಕಿತು. ಮೀಸೆಯ ಅಣ್ಣಂದಿರು ಮೊಬೈಲು ಬಿಟ್ಟು ಸೊಂಟದವರೆಗೆ ನೀರಿಗಿಳಿದು ಹುಟ್ಟಿನಿಂದ ಪಟಪಟ ಬಡಿದರು. ಮೋಡ ಕವಿದು ಗಾಳಿ ನಿಂತರೆ ನೀರಿನಲ್ಲಿ ಉಸಿರು ಮುಗಿದುಹೋಗುತ್ತದೆ, ಬಡಿದು ಕಲಕಿದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ ಎಂದು ಅವರಲ್ಲೊಬ್ಬ ಏದುಸಿರಿನಲ್ಲೇ ಹೇಳಿದ. ಪಾಪುವಿನ ಅಮ್ಮ ಬಕೆಟ್ಟಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿದಳು. ಪಿಟೀಲು ತಂಬಿಗೆಯಲ್ಲಿ ಮೊಗೆದಳು, ಸುರಿದಳು, ಮೊಗೆದಳು, ಸುರಿದಳು. ತೋಳು ಬಿದ್ದುಹೋಗುವ ಹಾಗಾಯಿತು. ಆದರೂ ಅಲ್ಲೊಂದು ಇಲ್ಲೊಂದು ಬಿಳಿ ಹೊಟ್ಟೆ ಮೇಲಾಗಿ ತೇಲತೊಡಗಿತು.

ಮೋಟಾರಿನ ಸದ್ದು ಕೇಳಿ ದೊಡ್ಡಪ್ಪ ಹುಟ್ಟು ಹಾಕುತ್ತ ಬಂದರು. ದೋಣಿಯಲ್ಲೇ ನಿಂತು ಬೇಲಿಯನ್ನು ಒಂದು ಸಲ ನೋಡಿದರು. ಮುಖ ಕಪ್ಪಿಟ್ಟಿತು.

"ಆಳದ ಕಡೆ ಬಲೆ ಎತ್ತಿ," ಎಂದರು.

ಎಲ್ಲರೂ ಕೈ ನಿಲ್ಲಿಸಿದರು. "ಎತ್ತಿದ್ರೆ ಎಲ್ಲಾ ಕೆರೆಗೆ ಹೋಗ್ತವೆ," ಎಂದರು ಮೋಟಾರ್ ಮಾವ. "ವರ್ಷದ ಕೆಲಸ ನೀರಲ್ಲಿ ಹೋಗುತ್ತೆ, ಯೋಚ್ನೆ ಮಾಡು."

"ಸಾಯೋ ಬದ್ಲು ಹೋಗ್ಲಿ."

ದೊಡ್ಡಪ್ಪ ತಾವೇ ನೀರಿಗೆ ಹಾರಿ, ಆಳದ ಕಡೆಯ ಗಳಗಳಿಂದ ಬಲೆ ಬಿಚ್ಚಿದರು. ಮೊದಲು ಯಾವುದೂ ಹೋಗಲಿಲ್ಲ. ದಾರಿ ಇದೆಯೆಂದು ಅವುಗಳಿಗೆ ಗೊತ್ತಾದರೆ ತಾನೆ? ಅಣ್ಣಂದಿರು ಈ ಕಡೆಯಿಂದ ನೀರು ಬಡಿಯುತ್ತ ಬಡಿಯುತ್ತ ಹೋದ ಮೇಲೆ ಒಂದು ತೆವಳಿತು, ಹತ್ತು ತೆವಳಿದವು, ಆಮೇಲೆ ಒಂದು ರಾಶಿಯೇ ಕಪ್ಪಗೆ ಹೊರಳಿ ದೊಡ್ಡ ನೀರಿಗೆ ಇಳಿಯಿತು. ಹರುಕುಬಾಲ ಅದರಲ್ಲಿತ್ತೋ ಇಲ್ಲವೋ ಪಿಟೀಲಿಗೆ ಕಾಣಲಿಲ್ಲ.

ಮಧ್ಯಾಹ್ನಕ್ಕೆ ಗಾಳಿ ಎದ್ದಿತು. ಹಿಂದೆಯೇ ದಪ್ಪ ಹನಿ. ಇಷ್ಟು ದಿನ ಎಲ್ಲಿ ಹೋಗಿತ್ತೋ ಏನೋ, ಕೆರೆಯ ಮೈಯೆಲ್ಲ ಎದ್ದು ಕುಣಿಯುವ ಹಾಗೆ ಮಳೆ ಸುರಿಯಿತು. ದೊಡ್ಡಪ್ಪ ಮಳೆಯಲ್ಲೇ ಬಲೆಯನ್ನು ಮತ್ತೆ ಕಟ್ಟಿದರು. ಒಳಗೆ ಎಷ್ಟು ಉಳಿದಿವೆ, ಎಷ್ಟು ಹೋದವು, ಯಾರಿಗೂ ಗೊತ್ತಿರಲಿಲ್ಲ. ಸತ್ತವು ಮಾತ್ರ ಎರಡು ಬುಟ್ಟಿ ತುಂಬ ಇದ್ದವು. ಹೊಸ ದೋಣಿಯ ಮಾತನ್ನು ಯಾರೂ ಎತ್ತಲಿಲ್ಲ.

ದೊಡ್ಡಪ್ಪ ಜಗಲಿಯಲ್ಲಿ ಒದ್ದೆ ಬಟ್ಟೆಯಲ್ಲೇ ಕುಳಿತಿದ್ದರು. ಪಿಟೀಲು ಕಂಬದ ಹಿಂದೆ ನಿಂತಿದ್ದಳು.

"ನೀನೇ ನೋಡಿದ್ದಂತೆ," ಎಂದರು ದೊಡ್ಡಪ್ಪ. "ಸರಿಯಾದ ಹೊತ್ತಿಗೆ ಹೇಳ್ದೆ."

ಪಿಟೀಲು ಅದನ್ನು ಕೇಳಿಸಿಕೊಂಡು ಸುಮ್ಮನಿರಬಹುದಿತ್ತು. ಆಗಲಿಲ್ಲ.

"ನಿನ್ನೇನೂ ಬಂದಿದ್ವು ದೊಡ್ಡಪ್ಪ. ಸ್ವಲ್ಪ ಬಂದಿದ್ವು. ನಾನು ಹೇಳ್ಲಿಲ್ಲ."

ದೊಡ್ಡಪ್ಪ ತಿರುಗಿ ನೋಡಿದರು. "ನಿನ್ನೇನೇ?" ಎಂದರು. ನಿನ್ನೆ ಗೊತ್ತಾಗಿದ್ದರೆ ಏನೇನು ಮಾಡಬಹುದಿತ್ತು ಅನ್ನುವುದೆಲ್ಲ ಅವರ ಮುಖದಲ್ಲಿ ಬಂದು ಹೋಯಿತು. ಪಿಟೀಲಿಗೆ ಅದನ್ನು ನೋಡಲಾಗಲಿಲ್ಲ.

"ಬ್ರೆಡ್ಡೂ ಹಾಕ್ದೆ. ಮೇವು ಬೇಡ ಅಂದಿದ್ರಿ, ಆದ್ರೂ ಹಾಕ್ದೆ."

"ಉಳಿದ ಮೇವು ಕೊಳೆತು ನೀರು ಕೆಡುತ್ತೆ ಅಂತ ಬೇಡ ಅಂದಿದ್ದೆ. ನಿನ್ನ ಒಂದು ಹಿಡಿ ಬ್ರೆಡ್ಡಿಗೆ ಕೆರೆ ಕೆಡಲ್ಲ," ಎಂದರು ದೊಡ್ಡಪ್ಪ. ಗೋಡೆಯ ಮೊಳೆಯಿಂದ ಟವೆಲ್ಲು ಎಳೆದುಕೊಂಡು, "ಯಾಕೆ ಹೇಳ್ಲಿಲ್ಲ ಮಗಳೇ?" ಎಂದರು.

"ನನ್ನ ನೋಡೋಕೆ ಬಂದಿವೆ ಅಂದ್ಕೊಂಡೆ," ಎಂದಳು ಪಿಟೀಲು. "ಇಲ್ಲಿ ನನ್ನ ಹತ್ರ ಯಾರೂ ಬರಲ್ಲ."

ಅಷ್ಟು ಹೇಳುವಷ್ಟರಲ್ಲಿ ತಡೆದುಕೊಂಡಿದ್ದ ಅಳುವೆಲ್ಲ ಒಟ್ಟಿಗೆ ನುಗ್ಗಿ ಬಂತು. ದೊಡ್ಡಪ್ಪನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕೈಯಲ್ಲಿದ್ದ ಒಣ ಟವೆಲ್ಲನ್ನು ತಾವು ಒರೆಸಿಕೊಳ್ಳದೆ ಅವಳ ಕಡೆ ಚಾಚಿದರು. ಮಳೆ ನಿಲ್ಲುವ ತನಕ ಇಬ್ಬರೂ ಅಲ್ಲೇ ಇದ್ದರು. ದೊಡ್ಡಪ್ಪ ಬಟ್ಟೆ ಬದಲಿಸಲೂ ಎದ್ದು ಒಳಗೆ ಹೋಗಲಿಲ್ಲ.

ಬೆಳಿಗ್ಗೆ ಅವಳನ್ನು ಯಾರೋ ಅಲುಗಾಡಿಸಿ ಎಬ್ಬಿಸಿದರು. ಕಣ್ಣು ಬಿಟ್ಟರೆ ದೊಡ್ಡಪ್ಪ.

"ನಂಗೆ ಬಲೆ ಹೊಲಿಯೋದಿದೆ. ನೀನು ಬೇಲಿ ಹತ್ರ ಹೋಗಿ ನೋಡ್ಕೊಂಡು ಬಾ. ಏನು ಕಂಡ್ರೂ ಹೇಳು. ಏನೂ ಕಾಣದಿದ್ರೂ ಹೇಳು."

ಪಿಟೀಲು ಬರಿಗೈಯಲ್ಲಿ ಹೋದಳು. ಹಲಗೆ ಇನ್ನೂ ಒದ್ದೆಯಾಗಿತ್ತು. ತಣ್ಣನೆಯ ಗಾಳಿ ಕೆರೆಯ ಮೇಲೆ ಸಣ್ಣ ಸಣ್ಣ ಅಲೆ ಎಬ್ಬಿಸುತ್ತಿತ್ತು. ಹಲಗೆಯ ತುದಿಯವರೆಗೂ ಹೋಗಿ, ಮೊಣಕಾಲೂರಿ, ಬೇಲಿಯ ಈ ಮೂಲೆಯಿಂದ ಆ ಮೂಲೆಯವರೆಗೂ ನೋಡಿದಳು. ಎಲ್ಲೂ ಒಂದು ಬಾಯಿಯಿಲ್ಲ, ಒಂದು ಬೆನ್ನಿಲ್ಲ. ಹರುಕುಬಾಲ ತಳದಲ್ಲಿ ತಣ್ಣಗೆ ಓಡಾಡಿಕೊಂಡಿದೆಯೋ, ದೊಡ್ಡ ಕೆರೆಯ ಪಾಲಾಯಿತೋ, ಆ ಬುಟ್ಟಿಗಳಲ್ಲಿ ಇತ್ತೋ, ತಿಳಿಯುವ ದಾರಿ ಇರಲಿಲ್ಲ.

ಅವಳಿಗೆ ಅದನ್ನು ಒಂದು ಸಲ ನೋಡಬೇಕು ಅನ್ನಿಸಿತು. ಒಂದೇ ಸಲ. ಎಷ್ಟೊಂದು ಹೇಳುವುದಿತ್ತು. ಕರೆಯಲು ಬಾಯಿ ತೆರೆದಳು. ನಿನ್ನೆ ಕೈಗೆ ತಾಗಿದಾಗ ಅದು ವಾಲಿದ್ದು ನೆನಪಾಯಿತು. ನೀರಿಗೆ ಇನ್ನಷ್ಟು ಬಗ್ಗಿದಳು.

"ಬರಬೇಡ," ಎಂದು ಮೆಲ್ಲಗೆ ಹೇಳಿದಳು. "ಕೆಳಗೇ ಇರು."

ಸ್ವಲ್ಪ ಹೊತ್ತು ಕಾದಳು. ನೀರು ಹಾಗೇ ಇತ್ತು. ಎದ್ದು ಮನೆಗೆ ಓಡಿದಳು. ದೊಡ್ಡಪ್ಪ ಜಗಲಿಯಲ್ಲಿ ಬಲೆ ಹರವಿಕೊಂಡು ಕುಳಿತಿದ್ದರು. ಅವಳ ಹೆಜ್ಜೆ ಕೇಳಿ ಕೈ ನಿಲ್ಲಿಸಿ ತಲೆಯೆತ್ತಿದರು.

"ಯಾರೂ ಬಂದಿಲ್ಲ ದೊಡ್ಡಪ್ಪ," ಎಂದಳು ಪಿಟೀಲು. "ಒಬ್ರೂ ಬಂದಿಲ್ಲ."

ಹೇಳುತ್ತಿದ್ದಂತೆ ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ದೊಡ್ಡಪ್ಪ ಬಲೆಯನ್ನು ಒಂದು ಕಡೆ ಎಳೆದುಕೊಂಡು ಪಕ್ಕದಲ್ಲಿ ಅವಳಿಗೆ ಜಾಗ ಮಾಡಿದರು.